ಹೆತ್ತರೂ ತನ್ನದಾಗದ ಮಗು: ಗುಲಾಮ ತಾಯಂದಿರ ಕುರಿತ ಕವಿತೆಗಳು ಮತ್ತು ಅವುಗಳ ಹಿಂದಿನ ಕಾನೂನು

1662ರ ಡಿಸೆಂಬರಿನಲ್ಲಿ ಅಮೆರಿಕದ ವರ್ಜೀನಿಯಾ ವಸಾಹತಿನ ಶಾಸನಸಭೆ ಒಂದು ಪುಟ್ಟ ಕಾನೂನನ್ನು ಅಂಗೀಕರಿಸಿತು. ಇಂಗ್ಲಿಷ್ ಗಂಡಸರಿಂದ ಕಪ್ಪು ಹೆಂಗಸರಿಗೆ ಹುಟ್ಟಿದ ಮಕ್ಕಳು ಸ್ವತಂತ್ರರೋ ಗುಲಾಮರೋ ಎಂಬ ಸಂದೇಹಗಳು ಎದ್ದಿರುವುದರಿಂದ, ಇನ್ನು ಮುಂದೆ ಈ ನೆಲದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿನ ಸ್ಥಿತಿಯೂ ಅದರ ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದು ಎಂಬುದು ಅದರ ಸಾರ. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗುವಿಗೆ ಹೆಸರೂ ಅಂತಸ್ತೂ ತಂದೆಯಿಂದ ಬರುತ್ತಿದ್ದವು. ಕೆಲವೇ ವರ್ಷಗಳ ಹಿಂದೆ, 1656ರಲ್ಲಿ, ಎಲಿಜಬೆತ್ ಕೀ ಎಂಬ ಹೆಂಗಸು ತನ್ನ ತಂದೆ ಇಂಗ್ಲಿಷಿನವನೆಂಬುದನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಅದೇ ವಸಾಹತಿನಲ್ಲಿ ಬಿಡುಗಡೆ ಪಡೆದಿದ್ದಳು. ಹೊಸ ಕಾನೂನು ಆ ದಾರಿಯನ್ನು ಮುಚ್ಚಿತು. ಅಷ್ಟೇ ಅಲ್ಲ, ಗುಲಾಮ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದ ಒಡೆಯನಿಗೆ ಹುಟ್ಟಿದ ಮಗು ಅವನ ವಾರಸುದಾರನಾಗದೆ ಅವನ ಆಸ್ತಿಯ ಪಟ್ಟಿಗೆ ಸೇರುವಂತೆ ಮಾಡಿತು.

ಗುಲಾಮ ತಾಯಂದಿರ ಸಂಕಟವನ್ನು ಕುರಿತು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಕವಿತೆಗಳನ್ನು ಇಂದು ಓದುವವರು ಅವುಗಳನ್ನು ಸಾಮಾನ್ಯವಾಗಿ ಮಾತೃವಾತ್ಸಲ್ಯದ ಕವಿತೆಗಳೆಂದೇ ಓದುತ್ತಾರೆ. ತಾಯಿ ಮಗುವಿನ ಅಗಲಿಕೆ ಎಲ್ಲ ಕಾಲದಲ್ಲೂ ಇದೆ, ಎಲ್ಲ ಭಾಷೆಗಳ ಕಾವ್ಯದಲ್ಲೂ ಇದೆ. ಹಾಗಾಗಿ ಇವೂ ಆ ಸಾಲಿಗೆ ಸೇರಿದವೆಂದು ಭಾವಿಸುವುದು ಸಹಜ. ಆದರೆ ಈ ಕವಿತೆಗಳಲ್ಲಿ ಗಟ್ಟಿಯಾದವು ವಿಧಿಯಿಂದ ಬಂದ ದುಃಖವನ್ನು ಹೇಳುತ್ತಿಲ್ಲ. ಸಾವಾಗಲಿ ಬರಗಾಲವಾಗಲಿ ಯುದ್ಧವಾಗಲಿ ತರುವ ಅಗಲಿಕೆಗೂ, ತಾಯಿಯ ಗರ್ಭವನ್ನೇ ಆಧಾರವಾಗಿಟ್ಟುಕೊಂಡು ಬರೆದ ಕಾನೂನು ತರುವ ಅಗಲಿಕೆಗೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ತಾಯಿ ತನ್ನ ಮಗುವಿಗೆ ಜೀವದ ಜೊತೆಗೆ ಗುಲಾಮಗಿರಿಯನ್ನೂ ತಾನೇ ಹೆತ್ತು ಕೊಡುತ್ತಾಳೆ. ಈ ಕವಿತೆಗಳ ನಿಜವಾದ ವಸ್ತು ಅದೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಳೆಯ ಶೈಲಿಯ, ಕೆಲವೊಮ್ಮೆ ಅತಿಯಾಗಿ ಕಣ್ಣೀರು ಸುರಿಸುವ ಈ ಪದ್ಯಗಳು ಬೇರೆಯೇ ಬಗೆಯಲ್ಲಿ ತೆರೆದುಕೊಳ್ಳುತ್ತವೆ.

ಕಾನೂನಿನ ಜೊತೆಗೆ ಲೆಕ್ಕಾಚಾರವೂ ಇತ್ತು. 1808ರಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೊರಗಿನಿಂದ ಗುಲಾಮರನ್ನು ತರುವುದು ನಿಷಿದ್ಧವಾಯಿತು. ಅದೇ ಕಾಲಕ್ಕೆ ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಗಳಲ್ಲಿ ಹತ್ತಿಯ ಬೇಸಾಯ ಹಬ್ಬುತ್ತಿತ್ತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಹೊಗೆಸೊಪ್ಪಿನ ಹೊಲಗಳು ಸತ್ವ ಕಳೆದುಕೊಂಡಿದ್ದವು. ಹೀಗಾಗಿ ಹಳೆಯ ಪ್ರಾಂತ್ಯಗಳು ಮನುಷ್ಯರನ್ನೇ ದಕ್ಷಿಣಕ್ಕೆ ಮಾರತೊಡಗಿದವು. 1790ರಿಂದ 1860ರವರೆಗಿನ ಅವಧಿಯಲ್ಲಿ ಹೀಗೆ ಉತ್ತರದ ಗುಲಾಮ ಪ್ರಾಂತ್ಯಗಳಿಂದ ದಕ್ಷಿಣದ ಹತ್ತಿ, ಕಬ್ಬು, ಭತ್ತದ ತೋಟಗಳಿಗೆ ಸಾಗಿಸಲ್ಪಟ್ಟವರ ಸಂಖ್ಯೆ ಸುಮಾರು 10 ಲಕ್ಷವೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಹೊರಗಿನಿಂದ ಆಮದು ನಿಂತ ಮೇಲೆ ಈ ಮಾರುಕಟ್ಟೆಗೆ ಸರಕು ಒದಗುತ್ತಿದ್ದುದು ಹೆರಿಗೆಯಿಂದ. ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ 1820ರ ಒಂದು ಪತ್ರದಲ್ಲಿ, ತೋಟದ ಅತ್ಯುತ್ತಮ ಗಂಡಾಳಿಗಿಂತ ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸೇ ಹೆಚ್ಚು ಲಾಭದಾಯಕಳು, ಏಕೆಂದರೆ ಅವಳು ಉತ್ಪಾದಿಸುವುದು ಬಂಡವಾಳಕ್ಕೆ ಸೇರುತ್ತದೆ ಎಂದು ಯಾವ ಮುಜುಗರವೂ ಇಲ್ಲದೆ ಬರೆದಿದ್ದಾನೆ. ಲೂಯಿಸಿಯಾನ 1829ರಲ್ಲಿ ಹತ್ತು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಮಾರಬಾರದೆಂದು ಕಾನೂನು ಮಾಡಿತು. ದಯೆಯ ಕಾನೂನೆಂದು ಅದನ್ನು ಹೊಗಳಬಹುದು. ಆದರೆ ಹನ್ನೊಂದು ತುಂಬಿದ ಮಗುವಿನ ತಾಯಿಗೆ ಅದು ಏನನ್ನು ಹೇಳಿತು ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಓದಬೇಕಾದ ಮುಖ್ಯ ಕವಿ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್. 1825ರಲ್ಲಿ ಬಾಲ್ಟಿಮೋರ್‌ನಲ್ಲಿ, ಗುಲಾಮರಲ್ಲದ ಕಪ್ಪು ತಂದೆತಾಯಿಗಳ ಮಗಳಾಗಿ ಹುಟ್ಟಿದವರು. ಮೂರರ ವಯಸ್ಸಿಗೇ ತಬ್ಬಲಿಯಾಗಿ, ಶಾಲೆ ನಡೆಸುತ್ತಿದ್ದ ಚಿಕ್ಕಪ್ಪ ವಿಲಿಯಂ ವಾಟ್ಕಿನ್ಸ್ ಅವರ ಮನೆಯಲ್ಲಿ ಬೆಳೆದರು. ಅವರು ಸ್ವತಂತ್ರರಾಗಿದ್ದರೂ ಬಾಲ್ಟಿಮೋರ್ ಗುಲಾಮರನ್ನು ಹಡಗಿನಲ್ಲಿ ನ್ಯೂ ಆರ್ಲಿಯನ್ಸ್‌ಗೆ ರವಾನಿಸುತ್ತಿದ್ದ ಬಂದರು. ಹರಾಜಿನ ಸುದ್ದಿ ಆ ಊರಿನ ಕಪ್ಪು ಜನರಿಗೆ ದೂರದ ಸುದ್ದಿಯಾಗಿರಲಿಲ್ಲ. 1854ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾದ ಅವರ ಕವನ ಸಂಕಲನ ಕೆಲವೇ ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದೇ ವರ್ಷ ಅವರು ಗುಲಾಮಗಿರಿ ವಿರೋಧಿ ಸಂಘದ ಭಾಷಣಕಾರ್ತಿಯಾಗಿ ಮೇನ್ ಪ್ರಾಂತ್ಯದ ಊರೂರು ಸುತ್ತತೊಡಗಿದರು. ಹೆಂಗಸೊಬ್ಬಳು ಗಂಡಸರಿರುವ ಸಭೆಯಲ್ಲಿ ಮಾತನಾಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಕಪ್ಪು ಹೆಂಗಸೊಬ್ಬಳು ವೇದಿಕೆಯ ಮೇಲೆ ನಿಂತು ಮಾತಿನ ನಡುವೆ ತನ್ನ ಪದ್ಯಗಳನ್ನು ಹೇಳುತ್ತಿದ್ದಳು ಎಂಬುದನ್ನು ನೆನಪಿಟ್ಟುಕೊಂಡರೆ, ಆ ಪದ್ಯಗಳು ಯಾಕೆ ಅಷ್ಟು ಸರಳವಾದ ಬಂಧದಲ್ಲಿವೆ ಎಂಬುದು ತಿಳಿಯುತ್ತದೆ. ಅವು ಒಮ್ಮೆ ಕೇಳಿದರೆ ಕಿವಿಯಲ್ಲಿ ನಿಲ್ಲಬೇಕಾಗಿದ್ದವು. ಅದಕ್ಕಾಗಿ ಅವರು ಆರಿಸಿಕೊಂಡದ್ದು ನಾಲ್ಕು ಸಾಲಿನ ಚೌಪದಿ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಅಂತ್ಯಪ್ರಾಸ. ಇದು ಜನಪದ ಕಥನಗೀತೆಗಳದ್ದೂ ಚರ್ಚಿನ ಸ್ತೋತ್ರಗಳದ್ದೂ ಆದ ಧಾಟಿ. ಸಭೆಯಲ್ಲಿ ಕುಳಿತವರ ಕಿವಿಗೆ ಅದು ಭಾನುವಾರದ ಪ್ರಾರ್ಥನೆಯಷ್ಟೇ ಪರಿಚಿತ.

ಆ ಸಂಕಲನದ 'ಗುಲಾಮ ತಾಯಿ' ಎಂಬ ಕವಿತೆ ಹತ್ತು ಚೌಪದಿಗಳದ್ದು, ಒಟ್ಟು ನಲವತ್ತು ಸಾಲು. ಅದು ತಾಯಿಯಿಂದ ಶುರುವಾಗುವುದಿಲ್ಲ, ಒಂದು ಚೀತ್ಕಾರದಿಂದ ಶುರುವಾಗುತ್ತದೆ: ಆ ಕಿರುಚು ನಿನಗೆ ಕೇಳಿಸಿತೇ, ಭಾರ ಹೊತ್ತ ಹೃದಯವೊಂದು ಹತಾಶೆಯಲ್ಲಿ ಒಡೆಯುತ್ತಿರುವ ಹಾಗಿತ್ತಲ್ಲ ಅದು ಎಂದು ಕವಿ ಕೇಳುತ್ತಾಳೆ. ಮುಂದಿನ ಎರಡು ಚೌಪದಿಗಳೂ ಪ್ರಶ್ನೆಗಳೇ. ಜೋಡಿಸಿದ ಆ ಕೈಗಳನ್ನು ಕಂಡೆಯಾ, ಬಾಗಿದ ಆ ತಲೆಯನ್ನು ಕಂಡೆಯಾ, ಬೇಡುವ ಆ ಕಣ್ಣನ್ನು ಕಂಡೆಯಾ? ಯಾರ ಕಿರುಚು, ಯಾಕೆ ಎಂಬುದನ್ನು ಹೇಳದೆ ಕವಿತೆ ಮೊದಲು ಓದುಗನನ್ನು ಸಾಕ್ಷಿಯಾಗಿ ನಿಲ್ಲಿಸುತ್ತದೆ. ಗುಲಾಮರು ಬಿಳಿಯರ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ; ಹಾಗಾಗಿ ಕೇಳಿದವನನ್ನೂ ಕಂಡವನನ್ನೂ ಹೆಸರು ಹಿಡಿದು ಕೂಗುವಂತಿರುವ ಈ ಆರಂಭ ಬರಿಯ ಅಲಂಕಾರವಲ್ಲ. ನಾಲ್ಕನೆಯ ಚೌಪದಿಯಲ್ಲಿ ಮೊದಲ ಬಾರಿಗೆ ಅವಳು ತಾಯಿಯೆಂದು ಗೊತ್ತಾಗುತ್ತದೆ. ಭಯದಿಂದ ಬಿಳುಚಿಕೊಂಡಿದ್ದಾಳೆ, ಹುಡುಗ ಪಕ್ಕಕ್ಕೆ ಅಂಟಿಕೊಂಡು ಅವಳ ಲಂಗದ ನೆರಿಗೆಯಲ್ಲಿ ಅಡಗಿಕೊಳ್ಳಲು ವ್ಯರ್ಥವಾಗಿ ಹೆಣಗುತ್ತಿದ್ದಾನೆ. ಯಾವ ಮಗುವಾದರೂ ಹೆದರಿದಾಗ ಓಡಿಬಂದು ಅವಿತುಕೊಳ್ಳುವ ಜಾಗ ಅದು. ಇಲ್ಲಿ ಆ ಜಾಗವೇ ಅವನನ್ನು ಮಾರಾಟದ ವಸ್ತುವನ್ನಾಗಿ ಮಾಡಿದೆ ಎಂಬುದನ್ನು ಕವಿತೆ ಮುಂದಿನ ಹೆಜ್ಜೆಯಲ್ಲಿ ಹೇಳುತ್ತದೆ.

ಕವಿತೆಯ ನಟ್ಟನಡುವೆ, ಐದನೆಯ ಮತ್ತು ಆರನೆಯ ಚೌಪದಿಗಳಲ್ಲಿ, ಒಂದೇ ಮಾತು ಮೂರು ಸಲ ಬರುತ್ತದೆ. ಇವನು ಅವಳವನಲ್ಲ, ಹೆರಿಗೆಯ ನೋವನ್ನು ಅವಳೇ ಉಂಡಿದ್ದರೂ. ಇವನು ಅವಳವನಲ್ಲ, ಅವನ ನಾಳಗಳಲ್ಲಿ ಅವಳದೇ ರಕ್ತ ಹರಿಯುತ್ತಿದ್ದರೂ. ಇವನು ಅವಳವನಲ್ಲ, ಏಕೆಂದರೆ ಕ್ರೂರ ಕೈಗಳು ಅವಳ ಒಡೆಯುತ್ತಿರುವ ಎದೆಯನ್ನು ಕಟ್ಟಿಹಿಡಿದ ಏಕೈಕ ಬಂಧವನ್ನು ಹರಿದುಹಾಕಬಹುದು. ಮೊದಲ ಎರಡು ಸಲ 'ಆದರೂ' ಎಂಬ ತರ್ಕ, ಮೂರನೆಯ ಸಲ 'ಏಕೆಂದರೆ' ಎಂಬ ತರ್ಕ. ಮೊದಲ ಎರಡು ನಿಸರ್ಗದ ಹಕ್ಕನ್ನು ಮುಂದಿಡುತ್ತವೆ. ಮೂರನೆಯದು ಆ ಹಕ್ಕು ಯಾಕೆ ನಡೆಯುವುದಿಲ್ಲ ಎಂಬುದನ್ನು ತಿಳಿಸುತ್ತದೆ. ವಕೀಲನೊಬ್ಬ ಆಸ್ತಿಯ ವ್ಯಾಜ್ಯದಲ್ಲಿ ಒಂದೊಂದೇ ದಾಖಲೆಯನ್ನು ಮುಂದಿಟ್ಟಂತೆ ಹಾರ್ಪರ್ ಇಲ್ಲಿ ನೋವು, ರಕ್ತ, ಪ್ರೀತಿ ಎಂಬ ದಾಖಲೆಗಳನ್ನು ಇಡುತ್ತಾಳೆ, ಮತ್ತು ಮೂರನ್ನೂ ತಳ್ಳಿಹಾಕುವ ತೀರ್ಪನ್ನೂ ತಾನೇ ಓದುತ್ತಾಳೆ. 1662ರ ಶಾಸನದ ಒಣ ಭಾಷೆ ಇಲ್ಲಿ ಅದೇ ಒಣತನದಲ್ಲಿ, ಆದರೆ ತಾಯಿಯ ಕಡೆಯಿಂದ, ಮರಳಿ ಕೇಳಿಸುತ್ತದೆ. ಇಡೀ ಕವಿತೆಯಲ್ಲಿ ಕಣ್ಣೀರಿಲ್ಲದ ಭಾಗ ಇದೊಂದೇ, ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಭಾಗವೂ ಇದೇ.

ಅದರ ನಂತರದ ಎರಡು ಚೌಪದಿಗಳು ಸೋಲುತ್ತವೆ ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಮಗುವಿನ ಪ್ರೀತಿ ಹಾದಿಯ ಬೆಳಕು, ಮರುಭೂಮಿಯ ಬುಗ್ಗೆ, ಹೃದಯದ ಸಂಗೀತ ಎಂಬ ಆ ಹೋಲಿಕೆಗಳು ಆ ಕಾಲದ ಯಾವುದೇ ವಾರಪತ್ರಿಕೆಯ ಪದ್ಯದಲ್ಲೂ ಸಿಗುವಂಥವು. ಆದರೆ ಕೊನೆಯ ಚೌಪದಿ ಕವಿತೆಯನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಮೊದಲ ಚೌಪದಿಯಲ್ಲಿ ಹೃದಯವೊಂದು ಒಡೆಯುತ್ತಿರುವ 'ಹಾಗೆ' ಕೇಳಿಸಿತ್ತು. ದೂರದಿಂದ ಕೇಳಿದವನ ಊಹೆ ಅದು. ಕೊನೆಗೆ ಅವಳು ತಾಯಿ, ಅವಳ ಹೃದಯ ಒಡೆಯುತ್ತಿದೆ ಎಂದು ಕವಿತೆ ಉಪಮೆಯ ಹಂಗಿಲ್ಲದೆ ಹೇಳಿಬಿಡುತ್ತದೆ. ನಲವತ್ತು ಸಾಲುಗಳಲ್ಲಿ ಓದುಗ ಕಿವಿಗೆ ಬಿದ್ದ ಸದ್ದಿನಿಂದ ತಿಳಿದ ಸತ್ಯದವರೆಗೆ ಬಂದಿದ್ದಾನೆ. ಇನ್ನು ತನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಹಾರ್ಪರ್‌ಗಿಂತ ಹದಿನಾರು ವರ್ಷ ಮೊದಲೇ, 1838ರಲ್ಲಿ, ಮಸಾಚುಸೆಟ್ಸ್‌ನ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕವಿ ಜಾನ್ ಗ್ರೀನ್‌ಲೀಫ್ ವಿಟಿಯರ್ ವರ್ಜೀನಿಯಾದ ಗುಲಾಮ ತಾಯಿಯೊಬ್ಬಳು ದಕ್ಷಿಣಕ್ಕೆ ಮಾರಲ್ಪಟ್ಟ ತನ್ನ ಹೆಣ್ಣುಮಕ್ಕಳಿಗೆ ಹೇಳುವ ವಿದಾಯವನ್ನು ಬರೆದಿದ್ದ. ಹೋದರು, ಹೋದರು, ಮಾರಿಹೋದರು ಎಂಬ ಪಲ್ಲವಿ ಪ್ರತಿ ಚರಣದಲ್ಲೂ ಮರಳುತ್ತದೆ. ಇಲ್ಲಿ ತಾಯಿ ತಾನೇ ಮಾತನಾಡುತ್ತಾಳೆ. ಭತ್ತದ ಜೌಗುನೆಲ, ಜ್ವರ, ಕ್ರಿಮಿಕೀಟ, ಸುಡುವ ಬಿಸಿಲು, ಚಾಟಿ ಎಲ್ಲವನ್ನೂ ಒಂದೊಂದಾಗಿ ಎಣಿಸುತ್ತಾಳೆ. ಹಗಲಿಡೀ ದುಡಿತ, ಇರುಳಾದರೆ ಕೆಡಿಸುವವನ ಬೇಟೆ ಎಂಬ ಸೂಚನೆಯನ್ನೂ ಕೊಡುತ್ತಾಳೆ. ಆ ಕಾಲದ ಮರ್ಯಾದಸ್ಥ ಪತ್ರಿಕೆಗಳಲ್ಲಿ ಅದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ಈ ಪದ್ಯದ ಸಾಲುಗಳನ್ನು ಉಲ್ಲೇಖಿಸಿದ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ಬೇರೆಯವರ ಪಾಲಾದ ಮೇಲೆ ಮುಪ್ಪಿನಲ್ಲಿ ಒಂಟಿಯಾಗಿ ಉಳಿದ ತನ್ನ ಅಜ್ಜಿಯನ್ನು ಚಿತ್ರಿಸುವಾಗ ಅವನಿಗೆ ಆ ಸಾಲುಗಳು ಒದಗಿಬಂದವು.

ಆದರೆ ಅದೇ ಡಗ್ಲಸ್ ತನ್ನ ತಾಯಿಯ ಬಗ್ಗೆ ಬರೆದದ್ದು ಯಾವ ಕವಿತೆಯೂ ಹೇಳಲು ಧೈರ್ಯ ಮಾಡದ ಮಾತು. ಹಸುಗೂಸಾಗಿದ್ದಾಗಲೇ ಅವನನ್ನು ತಾಯಿಯಿಂದ ಬೇರೆ ಮಾಡಲಾಗಿತ್ತು. ಸುಮಾರು ಹನ್ನೆರಡು ಮೈಲಿ ದೂರದ ಹೊಲದಲ್ಲಿ ದುಡಿಯುತ್ತಿದ್ದ ಆಕೆ ಹಗಲ ಕೆಲಸ ಮುಗಿಸಿ ರಾತ್ರಿ ನಡೆದುಬಂದು, ಮಗನ ಪಕ್ಕದಲ್ಲಿ ಮಲಗಿ ಅವನನ್ನು ನಿದ್ದೆ ಮಾಡಿಸಿ, ಅವನು ಏಳುವ ಮೊದಲೇ ಹೊರಟುಹೋಗುತ್ತಿದ್ದಳು. ಅವಳನ್ನು ತಾಯಿಯೆಂದು ತಿಳಿದು ಅವನು ಕಂಡದ್ದು ಜೀವಮಾನದಲ್ಲಿ ನಾಲ್ಕೈದು ಸಲ ಮಾತ್ರ. ಅವನಿಗೆ ಸುಮಾರು ಏಳು ವರ್ಷವಾದಾಗ ಅವಳು ತೀರಿಕೊಂಡಳು, ಅವನನ್ನು ಹತ್ತಿರಕ್ಕೂ ಬಿಡಲಿಲ್ಲ. ಆ ಸುದ್ದಿಯನ್ನು ಅಪರಿಚಿತರೊಬ್ಬರ ಸಾವಿನ ಸುದ್ದಿಯನ್ನು ಕೇಳುವಂತೆ ಕೇಳಿದೆ ಎಂದು ಡಗ್ಲಸ್ ಬರೆಯುತ್ತಾನೆ. ವಿಟಿಯರ್‌ನ ಪದ್ಯದಲ್ಲೂ ಹಾರ್ಪರ್‌ಳ ಪದ್ಯದಲ್ಲೂ ಅಗಲಿಕೆಯ ಮುನ್ನ ಪ್ರೀತಿ ಪೂರ್ಣವಾಗಿ ಇರುತ್ತದೆ, ಅಗಲಿಕೆ ಅದನ್ನು ಹರಿದುಹಾಕುತ್ತದೆ. ಡಗ್ಲಸ್ ಹೇಳುವುದು ಅದಕ್ಕಿಂತ ಕಠಿಣವಾದದ್ದು: ವ್ಯವಸ್ಥೆ ಪ್ರೀತಿ ಬೆಳೆಯಲು ಬೇಕಾದ ದಿನಗಳನ್ನೇ ಕಸಿದುಕೊಂಡರೆ, ಮಗನಿಗೆ ಅಳಲು ಬೇಕಾದಷ್ಟು ತಾಯಿಯೂ ಉಳಿಯುವುದಿಲ್ಲ. ಓದುಗರ ಕಣ್ಣಲ್ಲಿ ನೀರು ತರಿಸಿ ಅವರನ್ನು ಚಳವಳಿಯ ಕಡೆಗೆ ಸೆಳೆಯಬೇಕಾಗಿದ್ದ ಕಾವ್ಯಕ್ಕೆ ಈ ಒಣ ಸತ್ಯ ದಕ್ಕುವಂಥದ್ದಾಗಿರಲಿಲ್ಲ.

ಕಾವ್ಯಕ್ಕೆ ದಕ್ಕದ ಇನ್ನೊಂದು ಸತ್ಯವನ್ನು ಅಟ್ಲಾಂಟಿಕ್ ಸಾಗರದ ಆಚೆಯ ದಡದಿಂದ ಇಂಗ್ಲಿಷ್ ಕವಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಕೈಗೆತ್ತಿಕೊಂಡಳು. ಬಾಸ್ಟನ್ನಿನ ಗುಲಾಮಗಿರಿ ವಿರೋಧಿ ಮಹಿಳೆಯರು ತಮ್ಮ ಸಂತೆಯಲ್ಲಿ ಮಾರಲು ವರ್ಷವರ್ಷವೂ ಹೊರತರುತ್ತಿದ್ದ 'ಲಿಬರ್ಟಿ ಬೆಲ್' ಎಂಬ ವಾರ್ಷಿಕದ 1848ರ ಸಂಚಿಕೆಗೆ ಅವಳು ಕೊಟ್ಟ ದೀರ್ಘ ಕವಿತೆಯಲ್ಲಿ, ಓಡಿಬಂದ ಗುಲಾಮ ಹೆಂಗಸೊಬ್ಬಳು ಅಮೆರಿಕದ ಪ್ಲಿಮತ್ ಬಳಿ, ಇಂಗ್ಲೆಂಡಿನಿಂದ ಧರ್ಮಸ್ವಾತಂತ್ರ್ಯ ಅರಸಿ ಬಂದವರು 1620ರಲ್ಲಿ ಕಾಲಿಟ್ಟರೆಂದು ಹೇಳುವ ಜಾಗದಲ್ಲಿ ನಿಂತು ಮಾತನಾಡುತ್ತಾಳೆ. ಅವಳು ಪ್ರೀತಿಸಿದ ಗುಲಾಮನನ್ನು ಒಡೆಯರು ಎಳೆದೊಯ್ದರು, ಅವಳ ಮೇಲೆ ಬಲಾತ್ಕಾರ ನಡೆಯಿತು, ಮಗು ಹುಟ್ಟಿತು. ಮಗುವಿನ ಮೈ ಬಿಳಿ. ಎದೆಗೆ ಒತ್ತಿಕೊಂಡ ಕೂಸಿನ ಕಣ್ಣಲ್ಲಿ ಒಡೆಯನ ನೋಟ ಕಾಣಿಸುತ್ತದೆ. ಆ ಮುಖವನ್ನು ನೋಡಲಾರದೆ ಅವಳು ವಸ್ತ್ರದಿಂದ ಮುಚ್ಚುತ್ತಾಳೆ, ಮುಚ್ಚಿ ಬಿಗಿಯುತ್ತಾಳೆ. ಸತ್ತ ಕೂಸನ್ನು ಕಾಡಿನಲ್ಲಿ ಹೂತು, ಕರಿಯ ಮಣ್ಣು ತಮ್ಮಿಬ್ಬರ ನಡುವೆ ಬಂದ ಮೇಲೆಯೇ ಅದಕ್ಕೆ ಹಾಡು ಹೇಳಲು ಅವಳಿಗೆ ಸಾಧ್ಯವಾಗುತ್ತದೆ.

ಬ್ರೌನಿಂಗ್‌ಳ ಸ್ವಂತ ಮನೆತನದ ಸಂಪತ್ತು ಜಮೈಕಾದ ಗುಲಾಮ ತೋಟಗಳಿಂದ ಬಂದದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಆಕೆ ಅಮೆರಿಕಕ್ಕೆ ಹೋದವಳಲ್ಲ, ಮತ್ತು ಕವಿತೆಯ ಹೆಂಗಸಿನ ಉನ್ಮಾದದಲ್ಲಿ ರಂಗಭೂಮಿಯ ಅಬ್ಬರ ಸ್ವಲ್ಪ ಇದೆ. ಆದರೂ 1662ರ ಕಾನೂನಿನ ತಿರುಳನ್ನು, ಅಂದರೆ ಬಲಾತ್ಕಾರವನ್ನೇ ಆದಾಯದ ಮೂಲವಾಗಿಸುವ ಅದರ ಗುಣವನ್ನು, ಇಷ್ಟು ನೇರವಾಗಿ ಮುಟ್ಟಿದ ಕವಿತೆ ಆ ಕಾಲದಲ್ಲಿ ಬೇರೊಂದನ್ನು ಕಾಣುವುದು ಕಷ್ಟ. ಇತರ ಕವಿತೆಗಳಲ್ಲಿ ತಾಯಿಯ ಪ್ರೀತಿ ನಿರ್ಮಲವಾಗಿದ್ದು ಕೇಡು ಹೊರಗಿನಿಂದ ಬರುತ್ತದೆ. ಇಲ್ಲಿ ಕೇಡು ಮಡಿಲಿನಲ್ಲೇ ಮಲಗಿದೆ, ಮತ್ತು ಆ ಕೂಸೂ ನಿರಪರಾಧಿ.

ಕವಿತೆಯಲ್ಲಿ ಕಲ್ಪಿಸಿದ್ದು ಎಂಟು ವರ್ಷಗಳ ನಂತರ ಬೇರೊಂದು ರೂಪದಲ್ಲಿ ನಿಜವಾಗಿ ನಡೆಯಿತು. 1856ರ ಜನವರಿಯಲ್ಲಿ ಕೆಂಟಕಿಯ ಮಾರ್ಗರೆಟ್ ಗಾರ್ನರ್ ಎಂಬಾಕೆ ಗಂಡ, ಅತ್ತೆ ಮಾವ ಮತ್ತು ನಾಲ್ವರು ಮಕ್ಕಳೊಡನೆ, ಹೆಪ್ಪುಗಟ್ಟಿದ್ದ ಓಹಿಯೋ ನದಿಯನ್ನು ರಾತ್ರಿಯಲ್ಲಿ ನಡೆದು ದಾಟಿ, ಗುಲಾಮಗಿರಿ ಇಲ್ಲದ ಓಹಿಯೋದ ಸಿನ್ಸಿನಾಟಿ ನಗರ ತಲುಪಿದಳು. ಆದರೆ 1850ರ ಪಲಾಯಿತ ಗುಲಾಮರ ಕಾಯ್ದೆಯ ಪ್ರಕಾರ ಸ್ವತಂತ್ರ ಪ್ರಾಂತ್ಯದಲ್ಲೂ ಓಡಿಬಂದವರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕಿತ್ತು. ಕೆಲವೇ ಗಂಟೆಗಳಲ್ಲಿ ಬೆನ್ನಟ್ಟಿ ಬಂದವರು ಮನೆಯನ್ನು ಸುತ್ತುವರಿದಾಗ ಮಾರ್ಗರೆಟ್ ತನ್ನ ಎರಡು ವರ್ಷದ ಮಗಳು ಮೇರಿಯನ್ನು ಚಾಕುವಿನಿಂದ ಕೊಂದಳು. ಉಳಿದ ಮಕ್ಕಳನ್ನೂ ಕೊಲ್ಲುವ ಮೊದಲು ಅವಳನ್ನು ಹಿಡಿದರು. ವಿಚಾರಣೆಯ ದಿನಗಳಲ್ಲಿ ಗುಲಾಮಗಿರಿ ವಿರೋಧಿಗಳು ವಿಚಿತ್ರವೆನಿಸುವ ಬೇಡಿಕೆಯೊಂದನ್ನು ಮುಂದಿಟ್ಟರು: ಅವಳನ್ನು ಕೊಲೆಯ ಆರೋಪಿಯನ್ನಾಗಿ ಓಹಿಯೋದಲ್ಲೇ ವಿಚಾರಿಸಿ. ಕೊಲೆಗಾರಳೆಂದರೆ ಅವಳು ಕಾನೂನಿನ ಕಣ್ಣಲ್ಲಿ ವ್ಯಕ್ತಿ, ಸತ್ತವಳು ಅವಳ ಮಗಳು. ಪಲಾಯಿತ ಗುಲಾಮಳೆಂದರೆ ಅವಳೂ ಮಕ್ಕಳೂ ಒಡೆಯನ ಸ್ವತ್ತು. ಮರಣದಂಡನೆಯ ಸಾಧ್ಯತೆ ಇದ್ದ ದಾರಿಯೇ ಅವಳನ್ನು ಮನುಷ್ಯಳೆಂದು ಒಪ್ಪುವ ದಾರಿಯಾಗಿತ್ತು. ವಿಚಾರಣೆ ನಡೆಸಿದ ಅಧಿಕಾರಿ ಒಡೆಯನ ಪರವಾಗಿ ತೀರ್ಪು ಕೊಟ್ಟ. ದಕ್ಷಿಣಕ್ಕೆ ಸಾಗಿಸುವಾಗ ಅವಳಿದ್ದ ದೋಣಿ ಅಪಘಾತಕ್ಕೀಡಾಗಿ ಇನ್ನೊಂದು ಹಸುಗೂಸು ನೀರುಪಾಲಾಯಿತು. 1858ರಲ್ಲಿ ಮಾರ್ಗರೆಟ್ ವಿಷಮಶೀತ ಜ್ವರದಿಂದ ಸತ್ತಳು.

ಹಾರ್ಪರ್ 1857ರಲ್ಲಿ ಈ ಘಟನೆಯನ್ನು ಕುರಿತು ಎರಡನೆಯ 'ಗುಲಾಮ ತಾಯಿ' ಕವಿತೆಯನ್ನು ಬರೆದಳು. ಮೊದಲನೆಯದರ ಜೊತೆ ಇಟ್ಟು ನೋಡಿದರೆ ಇದು ಎಷ್ಟು ಬೇರೆ ಎಂಬುದು ಕಾಣುತ್ತದೆ. ಕವಿತೆ ತಾಯಿಯ ಬಾಯಿಂದಲೇ ಶುರುವಾಗುತ್ತದೆ: ನನಗಿರುವುದು ನಾಲ್ವರು, ಪಾರಿವಾಳಗಳಂತೆ ನನ್ನ ಹೃದಯದ ಸುತ್ತ ಮಲಗಿದ್ದಾರೆ. ನದಿ ದಾಟುವ ನಿರ್ಧಾರದವರೆಗೆ ಮಾತು ಅವಳದು. ಓಟ ಆರಂಭವಾದೊಡನೆ ಮಾತು ಕವಿಯ ಕೈಗೆ ಬರುತ್ತದೆ, ಕೊಲ್ಲುವ ನಿರ್ಧಾರದ ಕ್ಷಣದಲ್ಲಿ ಮತ್ತೆ ತಾಯಿಗೆ ಹೋಗುತ್ತದೆ. ಓಹಿಯೋ ನನ್ನನ್ನು ಉಳಿಸಲಾರದಾದರೆ ಮಕ್ಕಳ ಬಿಡುಗಡೆಯ ದಾರಿಯನ್ನು ಗೋರಿಯ ಬಾಗಿಲಿನಿಂದಲೇ ಕಡಿದು ತೆರೆಯುತ್ತೇನೆ ಎನ್ನುತ್ತಾಳೆ ಅವಳು. ನಡುವೆ ಬರುವ ಎರಡು ಚೌಪದಿಗಳು ಬಹಳ ಮುಖ್ಯವಾದವು. ಪ್ರಾಚೀನ ಯೆಹೂದ್ಯರ ನಾಡಿನಲ್ಲಿ ಆಶ್ರಯ ನಗರಗಳಿದ್ದವು, ರೋಮಿನಲ್ಲಿ ಕೂಡ ದಣಿದ ಗುಲಾಮ ಅವಿತುಕೊಳ್ಳಬಹುದಾದ ಬಲಿಪೀಠಗಳಿದ್ದವು, ಆದರೆ ಓಹಿಯೋದಲ್ಲಿ ಅಂಥ ಒಂದು ಗುಡಿಯೂ ಇರಲಿಲ್ಲ ಎಂದು ಹಾರ್ಪರ್ ಬರೆಯುತ್ತಾಳೆ. ಕ್ರೈಸ್ತ ಗಣರಾಜ್ಯವೆಂದು ಹೆಮ್ಮೆಪಡುತ್ತಿದ್ದ ದೇಶವನ್ನು ರೋಮಿಗಿಂತ ಕೆಳಗೆ ಇಟ್ಟದ್ದು ಅಂದಿನ ಓದುಗರಿಗೆ ತಾಗದೇ ಇರುವಂಥದ್ದಲ್ಲ. ಮೂರು ವರ್ಷಗಳ ಹಿಂದಿನ ಕವಿತೆ ಓದುಗರ ಕರುಣೆಯನ್ನು ನಂಬಿತ್ತು. ಇದು ಅವರ ಮೇಲೆ ಆಪಾದನೆ ಹೊರಿಸುತ್ತದೆ, ಆ ತಾಯಿಯನ್ನು ವೀರಳೆಂದು ಕರೆಯುತ್ತದೆ, ಕ್ಷಮೆ ಕೇಳುವ ಗೋಜಿಗೆ ಹೋಗುವುದಿಲ್ಲ. ಇದೇ ಮಾರ್ಗರೆಟ್ ಗಾರ್ನರ್‌ಳ ಕತೆಯಿಂದ ಪ್ರೇರಣೆ ಪಡೆದು ಟೋನಿ ಮಾರಿಸನ್ 1987ರಲ್ಲಿ 'ಬಿಲವೆಡ್' ಕಾದಂಬರಿ ಬರೆದದ್ದು ಅನೇಕರಿಗೆ ಗೊತ್ತು. ಹಾರ್ಪರ್‌ಳ ಕವಿತೆ ಅಷ್ಟು ಪ್ರಸಿದ್ಧವಾಗಲಿಲ್ಲ.

ಇಲ್ಲಿಯವರೆಗೆ ಹೇಳಿದ ಕವಿಗಳಲ್ಲಿ ಯಾರೂ ಗುಲಾಮ ತಾಯಿಯಲ್ಲ. ಇದು ಆಕಸ್ಮಿಕವಲ್ಲ, ದಕ್ಷಿಣದ ಹಲವು ಪ್ರಾಂತ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. 1761ರಲ್ಲಿ ಏಳೆಂಟು ವರ್ಷದ ಹುಡುಗಿಯಾಗಿ ಆಫ್ರಿಕದಿಂದ ಬಾಸ್ಟನ್ನಿಗೆ ತರಲ್ಪಟ್ಟು, ಒಡೆಯರ ಮನೆಯಲ್ಲೇ ಓದು ಕಲಿತು, 1773ರಲ್ಲಿ ಲಂಡನ್ನಿನಲ್ಲಿ ಕವನ ಸಂಕಲನ ಪ್ರಕಟಿಸಿದ ಫಿಲಿಸ್ ವೀಟ್ಲಿ ಅಪವಾದ. ಬ್ರಿಟಿಷ್ ಮಂತ್ರಿಯೊಬ್ಬನಿಗೆ ಬರೆದ ಪದ್ಯದಲ್ಲಿ ಅವಳು ತನ್ನನ್ನು ಕಳೆದುಕೊಂಡ ಹೆತ್ತವರ ಎದೆಯಲ್ಲಿ ಎಂಥ ಯಾತನೆ ಹುಟ್ಟಿರಬೇಕು ಎಂದು ಕೇಳುತ್ತಾಳೆ, ಮತ್ತು ಮಗುವನ್ನು ತಂದೆಯಿಂದ ಕಸಿದವನ ಹೃದಯ ಉಕ್ಕಿನದಿರಬೇಕು ಎನ್ನುತ್ತಾಳೆ. ತಾಯಿಯ ಹೆಸರಿಲ್ಲ. ಶ್ರೀಮಂತ ಗಂಡಸೊಬ್ಬನಿಗೆ ಬರೆಯುವಾಗ ತಂದೆಯ ಸ್ಥಾನದಲ್ಲಿ ಅವನನ್ನೇ ನಿಲ್ಲಿಸಿ ಕೇಳುವುದು ಹೆಚ್ಚು ಫಲಕಾರಿ ಎಂದು ಅವಳು ಎಣಿಸಿರಬಹುದು.

ಬರೆಯಲಾರದವರು ಹಾಡಿದರು. ಗುಲಾಮರ ಹಾಡುಗಳಲ್ಲಿ ಕೆಲವು, ಅಮೆರಿಕದ ಅಂತರ್ಯುದ್ಧದ (1861–65) ನಂತರ ಫಿಸ್ಕ್ ವಿಶ್ವವಿದ್ಯಾಲಯದ ಹಾಡುಗಾರರ ತಂಡದ ಮೂಲಕ ಹೊರಜಗತ್ತಿಗೆ ತಿಳಿದವು. ತಾಯಿಯಿಲ್ಲದ ಮಗುವಿನಂತೆ, ಮನೆಯಿಂದ ಬಹು ದೂರ ಇದ್ದೇನೆ ಅನ್ನಿಸುತ್ತದೆ ಕೆಲವೊಮ್ಮೆ ಎಂಬ ಪ್ರಸಿದ್ಧ ಹಾಡಿನಲ್ಲಿ ಹರಾಜಿನ ಚಿತ್ರವಿಲ್ಲ, ಒಡೆಯನಿಲ್ಲ, ಚಾಟಿಯಿಲ್ಲ; ಇರುವುದು ಮಗುವಿನ ಕಡೆಯಿಂದ ಹೇಳಿದ ಒಂದೇ ಅನುಭವ, ಅದರ ಪುನರಾವೃತ್ತಿ. ಯಾರನ್ನೂ ಒಪ್ಪಿಸಬೇಕಾಗಿಲ್ಲದವರ ಹಾಡು ಅದು. ಬಾಸ್ಟನ್ನಿನ ಓದುಗರಿಗಾಗಿ ಬರೆದ ಪದ್ಯಗಳಲ್ಲಿ ಸದಾ ಕೇಳುವ ವಾದದ ದನಿ ಅಲ್ಲಿ ಇಲ್ಲದಿರುವುದು ಅದರಿಂದಲೇ.

ಅಮೆರಿಕದ ಹೊರಗೆ ಈ ಬಗೆಯ ಕಾವ್ಯ ಪ್ರಬಲವಾಗಿ ಬಂದದ್ದು ಬ್ರೆಜಿಲ್‌ನಲ್ಲಿ. 'ಗುಲಾಮರ ಕವಿ' ಎಂದೇ ಹೆಸರಾದ ಕಾಸ್ತ್ರೊ ಆಲ್ವೆಸ್ 1860ರ ದಶಕದಲ್ಲಿ ಬರೆದ ಒಂದು ಕವಿತೆಯಲ್ಲಿ, ಗುಲಾಮರ ಕೇರಿಯ ಗುಡಿಸಲಿನಲ್ಲಿ ತಾಯಿ ಮಗುವಿಗೆ ಹಾಡು ಹೇಳಿ ತೂಗುತ್ತಿರುವಾಗ ಒಡೆಯ ಖರೀದಿದಾರರನ್ನು ಕರೆದುಕೊಂಡು ಬರುತ್ತಾನೆ. ಅವಳು ಬೇಡುತ್ತಾಳೆ, ಎದುರು ನಿಲ್ಲುತ್ತಾಳೆ, ಮಗು ಹೋಗುತ್ತದೆ. ಬ್ರೆಜಿಲ್‌ನಲ್ಲೂ ಮಗುವಿನ ಸ್ಥಿತಿ ತಾಯಿಯ ಗರ್ಭವನ್ನೇ ಅನುಸರಿಸುತ್ತಿತ್ತು. ಆಲ್ವೆಸ್ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ 1871ರ ಜುಲೈನಲ್ಲಿ ತೀರಿಕೊಂಡ. ಮೂರು ತಿಂಗಳೊಳಗೆ, ಅದೇ ಸೆಪ್ಟೆಂಬರಿನಲ್ಲಿ, ಇನ್ನು ಮುಂದೆ ಗುಲಾಮ ತಾಯಂದಿರಿಗೆ ಹುಟ್ಟುವ ಮಕ್ಕಳು ಸ್ವತಂತ್ರರು ಎಂಬ ಕಾನೂನು ಬಂತು. ಆದರೆ ಮಗುವಿಗೆ ಎಂಟು ತುಂಬಿದಾಗ ಒಡೆಯ ಸರಕಾರದಿಂದ ಪರಿಹಾರ ಪಡೆದು ಬಿಟ್ಟುಕೊಡಬಹುದು, ಇಲ್ಲವೇ ಇಪ್ಪತ್ತೊಂದು ತುಂಬುವವರೆಗೆ ಅದರ ದುಡಿಮೆಯನ್ನು ಬಳಸಿಕೊಳ್ಳಬಹುದು ಎಂಬ ಷರತ್ತನ್ನೂ ಅದು ಇಟ್ಟಿತು. ಗುಲಾಮಗಿರಿ ಅಲ್ಲಿ ಪೂರ್ತಿ ಕೊನೆಗೊಂಡದ್ದು 1888ರಲ್ಲಿ.

ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಹಾರ್ಪರ್ ದಕ್ಷಿಣದ ಪ್ರಾಂತ್ಯಗಳಲ್ಲಿ ಓಡಾಡಿ, ಬಿಡುಗಡೆ ಹೊಂದಿದವರ ಮನೆಗಳಲ್ಲಿ ತಂಗಿ, ಅವರ ಮಾತು ಕೇಳಿದಳು. ಇಷ್ಟರಲ್ಲಿ ಅವಳೂ ತಾಯಿಯಾಗಿ, ವಿಧವೆಯಾಗಿ, ಗಂಡನ ಸಾಲಕ್ಕಾಗಿ ಮನೆಯ ಸಾಮಾನೆಲ್ಲ ಜಪ್ತಿಯಾದದ್ದನ್ನು ಕಂಡಿದ್ದಳು. 1866ರ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಅದನ್ನು ಸಾರ್ವಜನಿಕವಾಗಿ ಹೇಳಿಯೂ ಇದ್ದಳು. 1872ರ ಅವಳ ಹೊಸ ಸಂಕಲನದಲ್ಲಿ ಕ್ಲೋಯಿ ಎಂಬ ಮುದುಕಿ ಸರಳವಾದ ಆಡುಮಾತಿನ ಧಾಟಿಯಲ್ಲಿ ತನ್ನ ಬದುಕನ್ನು ಹೇಳಿಕೊಳ್ಳುತ್ತಾಳೆ. ಅವಳ ಗಂಡುಮಕ್ಕಳನ್ನು ಮಾರಿದ್ದು ಯಾವ ರಾಕ್ಷಸನೂ ಅಲ್ಲ. ಒಡೆಯ ಸಾಲ ಬಿಟ್ಟು ಸತ್ತ, ಒಡತಿ ಲೆಕ್ಕ ಚುಕ್ತಾ ಮಾಡಬೇಕಿತ್ತು, ಅಷ್ಟೇ. ಹಿಂದಿನ ಪದ್ಯದ ಕ್ರೂರ ಕೈಗಳ ಜಾಗದಲ್ಲಿ ಈಗ ಸಾಲ ತೀರಿಸುವ ನಿತ್ಯದ ವ್ಯವಹಾರ ಬಂದಿದೆ, ಮತ್ತು ಚೀತ್ಕಾರವನ್ನು ಹೊರಗಿನವರು ಕೇಳಿ ಹೇಳಬೇಕಾದ ಅಗತ್ಯವೂ ಇಲ್ಲ. ಅರವತ್ತರ ಹತ್ತಿರದಲ್ಲಿ ಕ್ಲೋಯಿ ಓದಲು ಕಲಿಯುತ್ತಾಳೆ, ಸ್ವಂತ ಗುಡಿಸಲು ಮಾಡಿಕೊಳ್ಳುತ್ತಾಳೆ. ಒಂದು ಬೆಳಗ್ಗೆ ಬೀದಿಯಲ್ಲಿ ಅಪರಿಚಿತನೊಬ್ಬ ಮಿಸೆಸ್ ಕ್ಲೋಯಿ ಫ್ಲೀಟ್ ಎಲ್ಲಿದ್ದಾರೆ ಎಂದು ವಿಚಾರಿಸುತ್ತಿರುತ್ತಾನೆ. ಅವನು ಮಾರಿಹೋದ ಮಗ ಜೇಕ್. ಹಾರ್ಪರ್‌ಳ ಮೊದಲ ಗುಲಾಮ ತಾಯಿಗೆ ಹೆಸರೇ ಇರಲಿಲ್ಲ. ಇವಳಿಗೆ ಮನೆತನದ ಹೆಸರೂ ಗೌರವಸೂಚಕವೂ ಇವೆ, ಹುಡುಕಿಕೊಂಡು ಬರಲು ವಿಳಾಸವೂ ಇದೆ.

ನಿಜಜೀವನದಲ್ಲಿ ಈ ಹುಡುಕಾಟ ಬಹಳ ಕಾಲ ನಡೆಯಿತು. ಫಿಲಡೆಲ್ಫಿಯಾದ 'ಕ್ರಿಶ್ಚಿಯನ್ ರೆಕಾರ್ಡರ್' ಪತ್ರಿಕೆ ಕಾಣೆಯಾದ ಸಂಬಂಧಿಕರ ಬಗ್ಗೆ ಮಾಹಿತಿ ಬೇಕೆಂಬ ಪ್ರಕಟಣೆಗಳನ್ನು ಹಾಕುತ್ತಿತ್ತು. ನ್ಯೂ ಆರ್ಲಿಯನ್ಸ್‌ನ 'ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್' ಪತ್ರಿಕೆ ಅದಕ್ಕಾಗಿಯೇ ಒಂದು ಅಂಕಣವನ್ನು ನಡೆಸಿತು, ಮತ್ತು ಅವುಗಳನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ಪಾದ್ರಿಗಳನ್ನು ಕೇಳಿಕೊಂಡಿತು. ತಾಯಿಯ ಹೆಸರು, ಆಗಿನ ಒಡೆಯನ ಹೆಸರು, ಯಾವ ಊರಿನಲ್ಲಿ ಯಾರು ಯಾರಿಗೆ ಮಾರಿದರು, ಆಗ ಎಷ್ಟು ಮಕ್ಕಳಿದ್ದರು ಎಂಬ ವಿವರಗಳಷ್ಟೇ ಅವುಗಳಲ್ಲಿ ಇರುತ್ತಿದ್ದವು. ಹುಡುಕಿದವರಲ್ಲಿ ಜೇಕ್‌ನಂತೆ ತಾಯಿಯ ಮನೆಬಾಗಿಲು ತಲುಪಿದವರು ಕೆಲವರು ಮಾತ್ರ.